ಇಳಿಯುವವರು

ಕೆರೆಯಲ್ಲಿ ಯಾರಾದರೂ ಮುಳುಗಿದರೆ ಊರಿಗೆ ಆ ಬೀದಿ ನೆನಪಾಗುತ್ತಿತ್ತು. ಸತ್ತ ದನ ತೇಲಿದರೆ ನೆನಪಾಗುತ್ತಿತ್ತು. ತೂಬಿನ ಬಾಯಿಗೆ ಕಸ ಕಟ್ಟಿಕೊಂಡರೆ ನೆನಪಾಗುತ್ತಿತ್ತು. ಮಿಕ್ಕ ದಿನ ಆ ಬೀದಿ ಯಾರಿಗೂ ಬೇಕಿರಲಿಲ್ಲ. ಅಲ್ಲಿಯವರನ್ನು ಇಳಿಯುವವರು ಎಂದು ಕರೆಯುತ್ತಿದ್ದರು. ಬಾಡಿಗೆ ಮನೆ ಕೇಳಲು ಹೋದರೂ ಮಗುವನ್ನು ಶಾಲೆಗೆ ಸೇರಿಸಲು ಹೋದರೂ ಆ ಹೆಸರು ಇವರಿಗಿಂತ ಮೊದಲೇ ಹೋಗಿ ಅಲ್ಲಿ ಕೂತಿರುತ್ತಿತ್ತು.

ಅಕ್ಕ ಆ ಬೀದಿಯವಳು. ಅವಳಿಗಿಂತ ದೊಡ್ಡವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಗಂಡ ಇನ್ನೊಬ್ಬಳ ಜೊತೆ ಹೋದ ಮೇಲೆ ತವರಿಗೆ ಬಂದು ಅವ್ವನ ಜೊತೆ, ತಮ್ಮನ ಜೊತೆ ಇದ್ದಳು. ತಮ್ಮನನ್ನು ಎಲ್ಲರೂ ಬಾತು ಎನ್ನುತ್ತಿದ್ದರು. ಎಂಥ ನೀರಿಗಿಳಿದರೂ ಬಾತುಕೋಳಿಯ ಹಾಗೆ ಅವನ ಕತ್ತು ನೆಟ್ಟಗೆ ಮೇಲಿರುತ್ತಿತ್ತು. ಅವನಿಗೆ ಕ್ರಾಪು ನೆನೆಯಬಾರದು. ಹೆಣ ಎತ್ತಲು ಹೋಗುವಾಗಲೂ ತಲೆ ಬಾಚಿಕೊಂಡು ಹೋಗುವವನು ಅವನೊಬ್ಬನೇ.

ಕೆರೆಯ ಆಚೆ ದಿಬ್ಬದ ಮೇಲೆ ಒಂದು ಸಂಶೋಧನಾ ಕೇಂದ್ರ ಬಂತು. ಗಾಜಿನ ಕಟ್ಟಡ. ಅಲ್ಲಿಂದ ಒಬ್ಬ ಸೂಪರ್ವೈಸರ್ ಬೀದಿಗೆ ಬಂದು ಕೆಲಸ ಇದೆ ಎಂದ. ಕೆಲಸ ಏನೆಂದರೆ ನೀರಿಗಿಳಿಯುವುದು. ಬಾತು ನಕ್ಕ. ಇಷ್ಟೆಲ್ಲ ಗಾಜು ಹಾಕಿ ಕಟ್ಟಿ ಕೊನೆಗೆ ಇದಕ್ಕೇ ಕರೀತಾರಾ ಎಂದ.

ಒಪ್ಪಿಕೊಂಡು ಹೋದ ಅಕ್ಕನಿಗೂ ಬಾತುವಿಗೂ ಕೆಲಸವನ್ನು ತಿಳಿಸಿ ಹೇಳಿದ್ದು ಮೇಡಂ. ಅವರು ವಿಜ್ಞಾನಿ. ವಯಸ್ಸು ಅಕ್ಕನಷ್ಟೇ. ಒಳ್ಳೆಯ ಮಾತಿನವರು. ಆಕಾಶದಲ್ಲಿ ಒಂದು ಉಪಗ್ರಹ ಸುತ್ತುತ್ತಿದೆ, ಕೆಲವು ದಿನಕ್ಕೊಮ್ಮೆ ಈ ಕೆರೆಯ ಮೇಲೆ ಹಾಯುತ್ತದೆ, ಹಾಯುವಾಗ ಚಿತ್ರ ಹಿಡಿಯುತ್ತದೆ ಎಂದರು. ನೀರಿನ ಬಣ್ಣ ನೋಡಿ ಪಾಚಿ ಎಷ್ಟು, ಕೊಳೆ ಎಷ್ಟು, ಬಿಸಿ ಎಷ್ಟು ಎಂದು ಹೇಳಬಹುದು. ಆದರೆ ಅದು ಹೇಳಿದ್ದು ನಿಜವೋ ಸುಳ್ಳೋ ತಿಳಿಯಬೇಕಾದರೆ ಅದೇ ಹೊತ್ತಿಗೆ ಅದೇ ಜಾಗದ ನೀರು ಬೇಕು. ಅದಕ್ಕೆ ನೀವು ಬೇಕು. ಒಮ್ಮೆ ಯಂತ್ರ ಸರಿಯಾಗಿ ಕಲಿತುಬಿಟ್ಟರೆ ಸಾಕು, ಪ್ರಪಂಚದ ಯಾವ ಕೆರೆಯ ನೀರನ್ನೂ ಯಾರೂ ಮುಟ್ಟಬೇಕಾಗಿಲ್ಲ. ಮೇಲಿಂದಲೇ ತಿಳಿಯುತ್ತದೆ. ಹೀಗೆ ಹೇಳುವಾಗ ಮೇಡಂ ಮುಖ ಅರಳಿತ್ತು. ಸುಳ್ಳು ಹೇಳುತ್ತಿರಲಿಲ್ಲ.

ಯಂತ್ರ ಕಲಿಯುವವರೆಗೆ ಯಾರಾದರೂ ಮುಟ್ಟಬೇಕಿತ್ತು.

ಆ ಕೆರೆಗೆ ಎರಡು ಕಾರ್ಖಾನೆಗಳ ನೀರು ಬರುತ್ತಿತ್ತು. ಅರ್ಧ ಊರಿನ ಪಾಯಿಖಾನೆಯ ನೀರೂ ಬರುತ್ತಿತ್ತು. ಕೆಲವು ದಿನ ನೊರೆ ಆಳೆತ್ತರ ಏಳುತ್ತಿತ್ತು. ಜೊಂಡು ಬೆಳೆದು ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ದೋಣಿ ಹೋಗುವುದಿಲ್ಲ ಎಂದು ಸೂಪರ್ವೈಸರ್ ಮೊದಲ ದಿನವೇ ಹೇಳಿದ್ದ. ಮೈ ಹೋಗುತ್ತಿತ್ತು.

ಇಳಿಯುವ ಮೊದಲು ಇಬ್ಬರೂ ಒಂದೊಂದು ಗುಟುಕು ಸಾರಾಯಿ ಹಾಕಿಕೊಳ್ಳುತ್ತಿದ್ದರು. ಕುಡಿಯದೆ ಆ ವಾಸನೆಗೆ ಇಳಿಯಲು ಆಗುವುದಿಲ್ಲ. ಸೊಂಟಕ್ಕೆ ಬಾಟಲಿಗಳ ಚೀಲ. ಕತ್ತಿಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಸಣ್ಣ ಯಂತ್ರ. ನಿಂತ ಜಾಗ ಯಾವುದು ಎಂದು ಅದು ಗುರುತು ಹಾಕಿಕೊಳ್ಳುತ್ತದೆ. ಹಾಕಿಕೊಂಡ ಮೇಲೆ ಪೀಂ ಎನ್ನುತ್ತದೆ. ಅಲ್ಲಿಯವರೆಗೆ ಅಲುಗಾಡದೆ ನಿಲ್ಲಬೇಕು. ಪೀಂ ಎಂದ ಮೇಲೆ ಬಾಟಲಿ ಮುಳುಗಿಸಬೇಕು. ಮುಚ್ಚಳ ನೀರಿನೊಳಗೇ ಹಾಕಬೇಕು.

ಮೇಲೆ ಬಂದರೆ ಚರ್ಮ ಉರಿಯುತ್ತಿತ್ತು. ಬೆರಳ ಸಂದುಗಳು ಬಿಳಿಚಿ ಬಿರಿಯುತ್ತಿದ್ದವು. ತೊಡೆಯ ಸಂದಿಯಲ್ಲಿ ಹುಣ್ಣು. ಅಕ್ಕ ಮುಟ್ಟಾದ ದಿನಗಳಲ್ಲೂ ಇಳಿದಳು. ಹೇಳುವುದಾದರೂ ಯಾರಿಗೆ? ಕೇಂದ್ರದಲ್ಲಿ ಸ್ನಾನದ ಕೋಣೆ ಇತ್ತು. ಅದರೊಳಗೆ ಇವರನ್ನು ಬಿಡುತ್ತಿರಲಿಲ್ಲ. ಹಿತ್ತಲಲ್ಲಿ ಗಿಡಗಳಿಗೆ ನೀರು ಬಿಡುವ ಪೈಪು ಹಿಡಿದು ತೋಟಗಾರ ನಿಲ್ಲುತ್ತಿದ್ದ. ಬಟ್ಟೆ ಹಾಕಿಕೊಂಡೇ ನಿಲ್ಲಬೇಕು. ಅವನು ದೂರದಿಂದ ನೀರು ಹೊಡೆಯುತ್ತಿದ್ದ. ತಿರುಗು ಎನ್ನುತ್ತಿದ್ದ. ತಿರುಗುತ್ತಿದ್ದರು. ಮೇಲಿನ ಮಹಡಿಯ ಗಾಜಿನ ಹಿಂದೆ ಟೀ ಕುಡಿಯುತ್ತಾ ಯಾರೋ ನಿಂತಿರುತ್ತಿದ್ದರು.

ಬಾತು ಅದರಲ್ಲೂ ತಮಾಷೆ ಹುಡುಕುತ್ತಿದ್ದ. ಉಪಗ್ರಹ ಹಾಯುವ ದಿನ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಬಾಚಣಿಗೆ ಎಳೆಯುತ್ತಿದ್ದ.

"ಬೇಗ ತಲೆ ಬಾಚ್ಕೋ ಅಕ್ಕ. ಮೇಲಿಂದ ಹೆಣ್ಣು ನೋಡೋಕೆ ಬರ್ತಾರೆ. ಫೋಟೋಲಿ ಚೆನ್ನಾಗಿ ಕಾಣ್ಬೇಕು."

ಅವ್ವ ಒಲೆಯ ಮುಂದೆ ಕೂತು ಬೈಯುತ್ತಿದ್ದಳು. ಇವನ ಕ್ರಾಪಿಗೆ ಹಾಕುವ ಎಣ್ಣೆಯಲ್ಲಿ ಎರಡು ದಿನ ಅಡುಗೆ ಮಾಡಬಹುದು ಎನ್ನುತ್ತಿದ್ದಳು.

ಚಿತ್ರದಲ್ಲಿ ಒಂದು ಕಡೆ ಕೆಂಪು ಕಾಣುತ್ತಿದೆ ಎಂದು ಒಂದು ದಿನ ಮೇಡಂ ಹೇಳಿದರು. ಕೆಂಪು ಎಂದರೆ ಬಿಸಿ. ಕಾರ್ಖಾನೆಯ ಕಾಲುವೆ ಕೆರೆಗೆ ಬೀಳುವ ಜಾಗ ಅದು. ಅಲ್ಲಿನ ನೀರು ಸಿಕ್ಕರೆ ಕಾರ್ಖಾನೆಯವರು ಬಿಸಿನೀರು ಬಿಡುತ್ತಿರುವುದು ಸಾಬೀತಾಗುತ್ತದೆ. ಅದು ಒಳ್ಳೆಯ ಕೆಲಸ. ಆದರೆ ಬೀದಿಯವರು ಯಾರೂ ಆ ಕಾಲುವೆಯ ಬಾಯಿಯ ಹತ್ತಿರ ಹೋಗುತ್ತಿರಲಿಲ್ಲ. ಅಲ್ಲಿ ತಳ ಇಲ್ಲ. ಕೆಸರು. ಕಾಲು ಆಡಿಸುತ್ತಿದ್ದರೆ ಬಿಡುತ್ತದೆ, ನಿಂತರೆ ಹಿಡಿಯುತ್ತದೆ. ಬಾತು ಇದನ್ನು ಸೂಪರ್ವೈಸರನಿಗೆ ಹೇಳಿದ. ಅಕ್ಕನೂ ಹೇಳಿದಳು. ಆತ ಗಡಿಯಾರ ನೋಡಿಕೊಂಡ. ಒಂದು ಪೀಂ ಅನ್ನೋವರೆಗೆ ನಿಂತರೆ ಸಾಯ್ತೀಯೇನೋ ಎಂದ. ನಿನಗಾಗದಿದ್ದರೆ ಹೇಳು, ಬೀದಿಯಲ್ಲಿ ಬೇರೆ ಗಂಡಸರಿಲ್ಲವಾ ಎಂದ.

ಬಾತು ಇಳಿದ. ಅಕ್ಕ ಆಚೆ ಜೊಂಡಿನ ಕಡೆ ಇಳಿದಳು.

ಬಿಸಿಲು ಚೆನ್ನಾಗಿತ್ತು. ಅಕ್ಕ ಎದೆಮಟ್ಟದ ನೀರಿನಲ್ಲಿ ನಿಂತು ಯಂತ್ರದ ಸದ್ದಿಗೆ ಕಾಯುತ್ತಿದ್ದಳು. ತಲೆ ತಿರುಗಿಸಿ ನೋಡಿದಾಗ ನೊರೆಯ ಮೇಲೆ ತಮ್ಮನ ಕ್ರಾಪು ಕಂಡಿತು. ಅವಳ ಯಂತ್ರ ಪೀಂ ಎಂದಿತು. ಬಾಟಲಿ ಮುಳುಗಿಸಿ ಮುಚ್ಚಳ ಹಾಕಿ ಮತ್ತೆ ನೋಡಿದಳು. ಕ್ರಾಪು ಇರಲಿಲ್ಲ. ನೊರೆ ಮಾತ್ರ ಇತ್ತು.

ಅವಳು ಕೂಗಲಿಲ್ಲ. ಕೂಗಿದರೆ ಬರುವವರು ಯಾರು? ಮುಳುಗಿದವರನ್ನು ಎತ್ತಲು ಊರಿನವರು ಕರೆಯುವುದು ಅವಳನ್ನೇ.

ಜೊಂಡು ಹರಿದುಕೊಂಡು ಹೋದಳು. ನೊರೆಯೊಳಗೆ ತಲೆ ಹಾಕಿದಳು. ಕಣ್ಣು ಉರಿದು ಏನೂ ಕಾಣಲಿಲ್ಲ. ಕೈಯಲ್ಲಿ ತಡಕಿದಳು. ಮೊದಲು ಸಿಕ್ಕಿದ್ದು ಕೂದಲು. ಎಳೆದಳು. ಕೆಸರು ಬಿಡಲಿಲ್ಲ. ಮುಳುಗಿ ಅವನ ಸೊಂಟ ತಬ್ಬಿ ಒಂದು ಪಕ್ಕಕ್ಕೆ ಹೊರಳಿಸಿದಳು. ಹೆಣವನ್ನು ಹಾಗೇ ತೆಗೆಯಬೇಕು, ಮೇಲಕ್ಕೆ ಎಳೆಯಬಾರದು, ಪಕ್ಕಕ್ಕೆ ಹೊರಳಿಸಬೇಕು. ಅವಳ ಕೈಗೆ ಅದು ಗೊತ್ತಿತ್ತು. ಅವಳ ಕೈ ಅದನ್ನು ಮಾಡಿತು. ತಮ್ಮ ಎಂದು ಕೈಗೆ ಯಾರೂ ಹೇಳಿರಲಿಲ್ಲ.

ದಡಕ್ಕೆ ತಂದು ಮಲಗಿಸಿದಳು. ಎದೆ ಒತ್ತಿದಳು. ಬಾಯಿಂದ ಕಪ್ಪು ನೀರು ಬಂತು. ಉಸಿರು ಬರಲಿಲ್ಲ. ಮತ್ತೆ ಒತ್ತಿದಳು. ಸೂಪರ್ವೈಸರ್ ಓಡಿ ಬಂದ. ಬಂದವನು ಮಂಡಿಯೂರಿ ಬಾತುವಿನ ಬಲಗೈ ಎತ್ತಿದ. ನಾಡಿ ನೋಡುತ್ತಾನೆ ಎಂದುಕೊಂಡಳು. ಅವನು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬಾಟಲಿ ತೆಗೆದುಕೊಂಡ. ತುಂಬಿತ್ತು. ಮುಚ್ಚಳ ಹಾಕಿರಲಿಲ್ಲ. ಅವನು ಹಾಕಿದ.

"ಟೈಮ್ ಮೀರಿದ್ರೆ ಇದು ವೇಸ್ಟ್ ಆಗುತ್ತಮ್ಮ. ನೀನು ನೋಡ್ಕೊಂಡಿರು, ನಾನು ಜನ ಕಳಿಸ್ತೀನಿ."

ನೀರಿನ ಬಾಟಲಿಗಳಿಗೆ ಮಂಜುಗಡ್ಡೆಯ ಪೆಟ್ಟಿಗೆ ಇತ್ತು. ಬಾಟಲಿಗಳು ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಜೀಪಿನಲ್ಲಿ ಹೋಯಿತು. ಜೀಪಿನಲ್ಲಿ ಸೂಕ್ಷ್ಮ ಸಾಮಾನುಗಳಿದ್ದವು, ಹೆಣ ಹಾಕುವ ಹಾಗಿರಲಿಲ್ಲ. ಅಕ್ಕ ಬಿಸಿಲಿನಲ್ಲಿ ತಮ್ಮನ ಪಕ್ಕ ಕೂತಿದ್ದಳು. ನೊಣ ಬರುತ್ತಿದ್ದವು. ಸೆರಗಿನಲ್ಲಿ ಓಡಿಸಿದಳು. ಅವನ ಹಣೆಗೆ ಬಿದ್ದ ಕೂದಲನ್ನು ಬೆರಳಲ್ಲೇ ಹಿಂದಕ್ಕೆ ಬಾಚಿದಳು. ಅಳು ಬರಲಿಲ್ಲ. ಕಿವಿಯಲ್ಲಿ ನೀರು ತುಂಬಿಕೊಂಡ ಹಾಗೆ ಇತ್ತು, ಅಷ್ಟೇ. ಮಧ್ಯಾಹ್ನ ಕಳೆದ ಮೇಲೆ ಬೀದಿಯವರು ತಳ್ಳುಗಾಡಿ ತಂದರು.

ಪೊಲೀಸರು ಬಂದು ಕೇಳಿದರು. ಅವನು ಕುಡಿದಿದ್ದ ಎಂದು ಸೂಪರ್ವೈಸರ್ ಹೇಳಿದ. ಕುಡಿದಿದ್ದು ನಿಜ. ಕುಡಿದು ತನ್ನ ಅಜಾಗರೂಕತೆಯಿಂದ ಸತ್ತ ಎಂದಾಯಿತು. ಮಣ್ಣು ಮಾಡಿದರು.

ಮೇಡಂ ಮನೆಗೆ ಬಂದು ಅತ್ತರು. ಅವರು ಅಳುವುದನ್ನು ಅವ್ವ ನೋಡುತ್ತಾ ಕೂತಿದ್ದಳು. ಆಮೇಲೆ ಅಕ್ಕನೇ ಎದ್ದು ಮೇಡಂಗೆ ಕುಡಿಯಲು ನೀರು ಕೊಟ್ಟಳು. ಅವರು ಕುಡಿಯುತ್ತಾರೋ ಇಲ್ಲವೋ ಎಂದು ನೋಡಿದಳು. ಲೋಟ ತುಟಿಗೆ ಮುಟ್ಟಿಸಿ ಕೆಳಗಿಟ್ಟರು.

ಮುಂದಿನ ಸಲ ಉಪಗ್ರಹ ಹಾಯುವ ದಿನ ಅಕ್ಕ ಹೋದಳು. ಇಳಿದಳು. ಯಾಕೆ ಹೋದೆ ಎಂದು ಬೀದಿಯವರು ಕೇಳಿದರು. ಬೆಳಗಾಯಿತು, ಎದ್ದಳು, ಕಾಲುಗಳು ಕೆರೆ ಕಡೆ ನಡೆದವು. ಗಾಣಕ್ಕೆ ಕಟ್ಟಿದ ಎತ್ತು ಬಿಚ್ಚಿದರೂ ಸುತ್ತುತ್ತಂತೆ. ಬಾಟಲಿ ತುಂಬಿದಳು. ಹಿತ್ತಲಲ್ಲಿ ನಿಂತಳು. ತೋಟಗಾರ ತಿರುಗು ಎಂದ. ತಿರುಗಿದಳು. ಮನೆಗೆ ಬಂದರೆ ಅವ್ವ ಬಿಸಿನೀರು ಕಾಯಿಸಿಟ್ಟು ಅವಳ ಬೆನ್ನು ಉಜ್ಜುತ್ತಿದ್ದಳು. ಊಟಕ್ಕೆ ಅವ್ವ ಮೂರು ತಟ್ಟೆ ಹಾಕುತ್ತಿದ್ದಳು. ಒಂದನ್ನು ತೆಗೆದಿಡುತ್ತಿದ್ದಳು.

ಹೀಗೇ ನಡೆದಿರುವಾಗ ಕೇಂದ್ರದಲ್ಲಿ ಒಂದು ಸಭೆ ಆಯಿತು. ದೂರದೂರದಿಂದ ದೊಡ್ಡವರು ಬಂದಿದ್ದರು. ಅಕ್ಕನನ್ನೂ ಕರೆದರು. ಸ್ಥಳೀಯರು ಕೈಜೋಡಿಸಿದ್ದಾರೆ ಎಂದು ತೋರಿಸಬೇಕಿತ್ತು. ಶುಭ್ರವಾಗಿ ಬಾ ಎಂದು ಸೂಪರ್ವೈಸರ್ ಎರಡೆರಡು ಸಲ ಹೇಳಿ ಕಳಿಸಿದ್ದ. ಕೊನೆಯ ಸಾಲಿನಲ್ಲಿ ಕೂರಿಸಿದರು. ಅವಳ ಅಕ್ಕಪಕ್ಕದ ಕುರ್ಚಿಗಳು ಸಭೆ ಮುಗಿಯುವವರೆಗೂ ಖಾಲಿ ಇದ್ದವು.

ಗೋಡೆಯ ಮೇಲೆ ಕೆರೆಯ ಚಿತ್ರ ಬಂತು. ಮೊದಲು ಅವಳಿಗೆ ಅದು ಕೆರೆ ಎಂದು ಗೊತ್ತಾಗಲಿಲ್ಲ. ಹಸಿರು, ಹಳದಿ, ಒಂದು ಮೂಲೆಯಲ್ಲಿ ಕೆಂಪು. ವಾಸನೆ ಇಲ್ಲ. ಚೆನ್ನಾಗಿತ್ತು, ಮಗ್ಗದಿಂದ ಇಳಿಸಿದ ಹೊಸ ಬಟ್ಟೆಯ ಹಾಗೆ. ಮೇಡಂ ಕೋಲಿನಂಥ ಬೆಳಕಿನಿಂದ ಆ ಕೆಂಪನ್ನು ತೋರಿಸಿದರು. ಇಡೀ ಅಧ್ಯಯನದಲ್ಲಿ ಮೇಲಿನ ಲೆಕ್ಕಕ್ಕೂ ಕೆಳಗಿನ ನೀರಿಗೂ ಎಲ್ಲಕ್ಕಿಂತ ಚೆನ್ನಾಗಿ ತಾಳೆಯಾದದ್ದು ಇದೇ ಜಾಗ, ಇದೇ ದಿನ ಎಂದರು. ದಿನಾಂಕ ಹೇಳಿದರು. ಅಕ್ಕನಿಗೆ ಆ ದಿನಾಂಕ ಗೊತ್ತಿತ್ತು. ಜನ ಚಪ್ಪಾಳೆ ತಟ್ಟಿದರು. ಮೇಡಂ ಕೊನೆಯ ಸಾಲಿನ ಕಡೆ ನೋಡಿದರು. ಆಮೇಲೆ ಮುಂದಿನ ಚಿತ್ರ ಬಂತು.

ಸಭೆ ಮುಗಿದ ಮೇಲೆ ಅಕ್ಕ ಮೇಡಂ ಹತ್ತಿರ ಹೋಗಿ ಆ ಚಿತ್ರವನ್ನು ಇನ್ನೊಂದು ಸಲ ತೋರಿಸಿ ಎಂದಳು. ತೋರಿಸಿದರು.

"ಇದರಲ್ಲಿ ನನ್ನ ತಮ್ಮ ಎಲ್ಲಿದ್ದಾನೆ?"

ಮೇಡಂ ಚಿತ್ರದ ಕಡೆ ತಿರುಗಿದರು. ಅಷ್ಟು ಎತ್ತರದಿಂದ ಮನುಷ್ಯರು ಕಾಣುವುದಿಲ್ಲ ಎಂದರು. ಈ ಚಿತ್ರದಲ್ಲಿ ಒಂದು ಚುಕ್ಕಿ ಎಂದರೆ ನಾವು ನಿಂತಿರುವ ಈ ಕೋಣೆಯಷ್ಟು ದೊಡ್ಡದು. ಅದಕ್ಕಿಂತ ಸಣ್ಣದು ಯಾವುದೂ ಇದರಲ್ಲಿ ಬರುವುದಿಲ್ಲ.

ಅಕ್ಕ ಕೋಣೆಯನ್ನು ನೋಡಿದಳು. ಉದ್ದದ ಮೇಜು, ಕುರ್ಚಿಗಳು, ಗೋಡೆ. ಬಾತು ಅಷ್ಟು ದಿನ ತಲೆ ಬಾಚಿಕೊಂಡಿದ್ದನ್ನು ಹೇಳಬೇಕು ಎನ್ನಿಸಿತು. ಹೇಳಲಿಲ್ಲ.

ಹೊರಗೆ ಬಂದಾಗ ಜೀಪಿನ ಡ್ರೈವರ್ ಹಿತ್ತಲ ಕಡೆಯ ಶೆಡ್ಡಿನ ನೆರಳಲ್ಲಿ ಬೀಡಿ ಸೇದುತ್ತಾ ನಿಂತಿದ್ದ. ಬಾತು ಸತ್ತ ದಿನ ಪೆಟ್ಟಿಗೆ ಕೊಂಡೊಯ್ದವನು ಅವನೇ. ಅಂದಿನಿಂದ ಅಕ್ಕನ ಮುಖ ನೋಡುತ್ತಿರಲಿಲ್ಲ. ಅಂದು ನೋಡಿದ. ಅಕ್ಕ, ಒಂದ್ನಿಮಿಷ ಬಾ ಎಂದ. ಶೆಡ್ಡಿನ ಬಾಗಿಲು ಸರಿಸಿದ. ಒಳಗೆ ಒಂದು ದೋಣಿ ಇತ್ತು. ಅಡಿ ಚಪ್ಪಟೆ, ಹಿಂದೆ ಮೋಟರು. ಹೊಸದು. ಕೂರುವ ಹಲಗೆಗೆ ಸುತ್ತಿದ್ದ ಪ್ಲಾಸ್ಟಿಕ್ಕನ್ನು ಇನ್ನೂ ಬಿಚ್ಚಿರಲಿಲ್ಲ.

"ಯಾವಾಗ ತಂದರು ಅಣ್ಣ?"

"ಶುರುನಲ್ಲೇ ತಂದ್ರು."

"ಮತ್ತೆ ದೋಣಿ ಹೋಗಲ್ಲ ಅಂದರಲ್ಲ."

"ಹೋಗುತ್ತೆ. ಆ ನೀರಿಗೆ ಬಿಟ್ರೆ ಮೋಟರು ಕೆಡುತ್ತೆ, ರಿಪೇರಿಗೆ ಕಳಿಸ್ಬೇಕು, ಸುಮ್ನೆ ತಾಪತ್ರಯ ಅಂತ ಇಟ್ಟಿದ್ದಾರೆ."

ಅಕ್ಕ ದೋಣಿಯ ಅಂಚು ಮುಟ್ಟಿದಳು. ನುಣ್ಣಗಿತ್ತು. ಮೋಟರು ಕೆಡುತ್ತೆ ಎಂದು ತಾನೂ ಒಂದು ಸಲ ಹೇಳಿದಳು. ಡ್ರೈವರ್ ಬೀಡಿ ಆರಿಸಿದ. ಅವಳು ಮನೆಗೆ ನಡೆದಳು. ದಾರಿಯಲ್ಲಿ ಯಾರೋ ಮಾತಾಡಿಸಿದರು. ಏನಂದರು ಎಂದು ತಿಳಿಯಲಿಲ್ಲ.

ಮುಂದಿನ ಸಲ ಉಪಗ್ರಹ ಹಾಯುವ ದಿನವೂ ಅಕ್ಕ ದಡಕ್ಕೆ ಹೋದಳು. ಜೀಪು ಬಂತು. ಸೂಪರ್ವೈಸರ್ ಇಳಿದ. ಮೇಡಂ ಇಳಿದರು. ಬಾತುವಿನ ಜಾಗಕ್ಕೆ ಬೀದಿಯಿಂದ ಇನ್ನೊಬ್ಬನನ್ನು ಕರೆಸಿದ್ದರು, ಅಕ್ಕನ ಚಿಕ್ಕಪ್ಪನ ಮಗ. ಅವನು ಆಗಲೇ ಅಂಗಿ ಬಿಚ್ಚಿ ನಿಂತಿದ್ದ. ಇನ್ನೂ ಸ್ವಲ್ಪ ಹೊತ್ತಿತ್ತು. ಸೂಪರ್ವೈಸರ್ ಯಂತ್ರವನ್ನು ಅಕ್ಕನ ಕಡೆ ಚಾಚಿದ. ಅವಳು ಕೈ ಚಾಚಲಿಲ್ಲ. ದಡದ ಒಂದು ಕಲ್ಲಿನ ಮೇಲೆ ಕೂತಳು.

ಏನಮ್ಮ, ಹುಷಾರಿಲ್ಲವಾ ಎಂದು ಆತ ಕೇಳಿದ.

"ಹುಷಾರಾಗಿದೀನಿ. ಇಳಿಯಲ್ಲ ಸಾರ್."

ಆತನಿಗೆ ಅರ್ಥವಾಗಲಿಲ್ಲ. ಎರಡನೇ ಸಲ ಕೇಳಿದ. ಅವಳು ಅದನ್ನೇ ಹೇಳಿದಳು. ದನಿ ಏರಿಸಲಿಲ್ಲ. ಆತ ಚಿಕ್ಕಪ್ಪನ ಮಗನ ಕಡೆ ತಿರುಗಿದ. ಅವನು ಅಕ್ಕನನ್ನು ನೋಡಿದ. ಅಂಗಿ ಹಾಕಿಕೊಂಡ. ಬಂದು ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

ಸೂಪರ್ವೈಸರ್ ಬೈದ. ತಿನ್ನುವ ಅನ್ನದ ಮಾತೆತ್ತಿದ. ನಿಮ್ಮಂಥವರನ್ನು ಹತ್ತಿರ ಬಿಟ್ಟುಕೊಂಡಿದ್ದೇ ತಪ್ಪು ಎಂದ. ನಾಳೆಯಿಂದ ಬೀದಿಯ ಒಬ್ಬರಿಗೂ ಕೆಲಸ ಇಲ್ಲ ಎಂದ. ಅಕ್ಕ ಕೇಳುತ್ತಿದ್ದಳು. ಮಾತುಗಳು ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತಿದ್ದವು. ಮೇಡಂ ಹತ್ತಿರ ಬಂದು ಬಗ್ಗಿದರು. ಇದೊಂದು ದಿನ ಇಳಿಯಿರಿ, ಇಷ್ಟು ತಿಂಗಳ ಶ್ರಮ, ನಿಮ್ಮ ತಮ್ಮನ ಶ್ರಮವೂ ಇದರಲ್ಲಿದೆ ಎಂದರು.

"ನಿಮಗೂ ಕಾಲಿದೆಯಲ್ಲ ಮೇಡಂ. ಇಳೀರಿ."

ಮೇಡಂ ನೀರನ್ನು ನೋಡಿದರು. ನೊರೆ ಗಾಳಿಗೆ ಕಿತ್ತು ದಡಕ್ಕೆ ಬರುತ್ತಿತ್ತು. ಒಂದು ತುಂಡು ಅವರ ಬೂಟಿನ ಮೇಲೆ ಬಿತ್ತು. ಅವರು ಒಂದು ಹೆಜ್ಜೆ ಹಿಂದಕ್ಕೆ ಸರಿದರು. ತಾವು ಸರಿದದ್ದು ಅವರಿಗೇ ಗೊತ್ತಾಯಿತು. ಮತ್ತೆ ಅವರು ಏನೂ ಕೇಳಲಿಲ್ಲ.

"ಶೆಡ್ಡಲ್ಲಿ ದೋಣಿ ಇದೆ. ಮೋಟರು ಕೆಡುತ್ತೆ ಅಂತ ಇಟ್ಕೊಂಡಿದೀರಿ. ನಾವು ಕೆಟ್ಟರೆ ಪರವಾಗಿಲ್ಲ ಅಂತ ನಮ್ಮನ್ನ ಬಿಟ್ಟಿರಿ. ಇನ್ಮೇಲೆ ಅದನ್ನೇ ಬಿಡಿ."

ಮೇಡಂ ಸೂಪರ್ವೈಸರನ ಮುಖ ನೋಡಿದರು. ದೋಣಿಯ ವಿಷಯ ಅವರಿಗೆ ಗೊತ್ತಿತ್ತೋ ಇಲ್ಲವೋ, ಅಕ್ಕನಿಗೆ ತಿಳಿಯಲಿಲ್ಲ. ತಿಳಿದುಕೊಳ್ಳಬೇಕು ಎನ್ನಿಸಲೂ ಇಲ್ಲ. ಸೂಪರ್ವೈಸರ್ ಗಡಿಯಾರ ನೋಡುತ್ತಲೇ ಇದ್ದ. ಒಮ್ಮೆ ತಲೆ ಎತ್ತಿ ಆಕಾಶ ನೋಡಿದ. ಅಲ್ಲಿ ಏನೂ ಕಾಣುತ್ತಿರಲಿಲ್ಲ. ಸದ್ದೂ ಇರಲಿಲ್ಲ. ಹೊತ್ತು ಮೀರಿತು. ಖಾಲಿ ಬಾಟಲಿಗಳ ಪೆಟ್ಟಿಗೆಯನ್ನು ಡ್ರೈವರ್ ಜೀಪಿಗೆ ಎತ್ತಿಟ್ಟ. ಮಂಜುಗಡ್ಡೆ ಕರಗಿದ ನೀರು ದಡದ ಮೇಲೆಲ್ಲಾ ಸುರಿಯಿತು.

ಕೇಂದ್ರದ ಕಸ, ಚರಂಡಿಯ ಕೆಲಸಕ್ಕೆ ಹೋಗುತ್ತಿದ್ದ ಬೀದಿಯವರಿಗೂ ಕೆಲಸ ನಿಂತಿತು. ಕೆಲವರು ಅಕ್ಕನನ್ನು ಬೈದರು. ನಿನ್ನ ಸಂಕಟಕ್ಕೆ ನಮ್ಮ ಹೊಟ್ಟೆ ಸುಡುತ್ತೀಯ ಎಂದರು. ಅವರು ಅಂದದ್ದು ಸುಳ್ಳಲ್ಲ. ಅಕ್ಕ ಒಂದು ಹಾಸ್ಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸ ಹಿಡಿದಳು. ಅಲ್ಲಿಗೂ ಅವಳ ಬೀದಿಯ ಹೆಸರು ಬಂತು. ಅಡುಗೆಮನೆಯೊಳಗೆ ಬರಬೇಡ, ಹೊರಗಿನ ನಲ್ಲಿಯಲ್ಲಿ ತೊಳೆ ಎಂದರು.

ಒಂದು ಸಂಜೆ ಮೇಡಂ ಮನೆಗೆ ಬಂದರು. ಒಬ್ಬರೇ ಬಂದಿದ್ದರು. ಅವ್ವ ಮಣೆ ಕೊಟ್ಟಳು. ವರದಿ ಸಿದ್ಧವಾಗುತ್ತಿದೆ ಎಂದರು. ನೀರು ಸಿಗದೆ ಹೋದ ದಿನಕ್ಕೆ ಒಂದು ಕಾರಣ ಬರೆಯಬೇಕಂತೆ. ಹವಾಮಾನ ಸರಿಯಿರಲಿಲ್ಲ ಎಂದು ಬರೆಯಲು ಮೇಲಿನವರು ಹೇಳಿದ್ದಾರೆ. ಹಾಗೆ ಬರೆದರೆ ಯಾರಿಗೂ ತೊಂದರೆ ಇಲ್ಲ, ನಿಮ್ಮ ಬೀದಿಗೂ ಇಲ್ಲ. ನಿಮಗೆ ತಿಳಿಸಿ ಹೋಗೋಣ ಎಂದು ಬಂದೆ ಎಂದರು.

ಅಕ್ಕ ಅವರ ಎದುರಿಗೆ ನೆಲದ ಮೇಲೆ ಕೂತಳು. ಪಾತ್ರೆ ತೊಳೆದು ಕೈ ಮತ್ತೆ ಬಿರಿದಿತ್ತು.

"ಆ ದಿನದ ಫೋಟೋ ಬಂದಿದೆಯಾ?"

"ಬಂದಿದೆ."

"ಚೆನ್ನಾಗಿ ಬಂದಿದೆಯಾ?"

ಮೇಡಂ ತಲೆ ತಗ್ಗಿಸಿದರು. ಅಷ್ಟು ನಿಚ್ಚಳವಾದ ಚಿತ್ರ ಆ ವರ್ಷ ಬೇರೆ ಬಂದಿಲ್ಲ ಎಂದರು.

"ಹಾಗಿದ್ರೆ ಹವಾಮಾನ ಅಂತ ಯಾಕೆ ಬರೀತೀರಿ? ನಾವು ಇಳೀಲಿಲ್ಲ ಅಂತ ಬರೀರಿ. ಯಾಕೆ ಇಳೀಲಿಲ್ಲ ಅಂತ್ಲೂ ಬರೀರಿ."

"ತಪ್ಪು ನಿಮ್ಮ ಮೇಲೆ ಬರುತ್ತೆ."

"ಬರಲಿ."

ಮೇಡಂ ನೋಡುತ್ತೇನೆ ಎಂದು ಎದ್ದು ಹೋದರು. ಅವರು ನೋಡಿದರೋ ಇಲ್ಲವೋ, ವರದಿ ಹೊರಬಂತು. ಡ್ರೈವರ್ ಹಾಸ್ಟೆಲಿನ ಹಿಂದಿನ ನಲ್ಲಿಯ ಹತ್ತಿರ ಬಂದು ಹೇಳಿದ. ಹವಾಮಾನ ಎಂದೇ ಬರೆದಿದ್ದಾರೆ ಅಕ್ಕ ಎಂದ. ನಾಳೆ ಬೆಳಿಗ್ಗೆ ಮತ್ತೆ ಹಾಯುತ್ತದಂತೆ, ಶೆಡ್ಡಿಂದ ದೋಣಿ ತೆಗೆದಿದ್ದಾರೆ, ಜೀಪಿನ ಹಿಂದೆ ಕಟ್ಟಿಕೊಂಡು ಹೋಗಬೇಕು ಎಂದ. ಅಕ್ಕ ಕೈ ಒರೆಸಿಕೊಂಡಳು. ಆಗಲಿ ಅಣ್ಣ ಎಂದಳು.

ಬೆಳಿಗ್ಗೆ ಅವಳು ಹಾಸ್ಟೆಲಿಗೆ ಹೋಗಲಿಲ್ಲ. ನಿಜವಾದ ಕಾರಣ ಬರೆಯುವವರೆಗೆ ದೋಣಿಯೂ ಹೋಗಬಾರದು ಎಂದು ಕೇಂದ್ರದ ಗೇಟಿನ ಮುಂದೆ ಹೋಗಿ ನಡುದಾರಿಯಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಚಿಕ್ಕಪ್ಪನ ಮಗ ಬಂದ. ಆಮೇಲೆ ಅವ್ವ ಬಂದಳು, ಗೋಡೆ ಹಿಡಿದುಕೊಂಡು. ಅವಳನ್ನು ಬೈದಿದ್ದವರಲ್ಲಿ ಕೆಲವರು ಬಂದರು. ಯಾರೂ ಕೂಗಲಿಲ್ಲ. ಕೈಯಲ್ಲಿ ಏನೂ ಇರಲಿಲ್ಲ. ಆಕಾಶ ನೀಲಿಯಾಗಿತ್ತು. ಗಾಳಿಯೂ ಇರಲಿಲ್ಲ.

ಒಳಗಿಂದ ಜೀಪು ದೋಣಿಯನ್ನು ಎಳೆದುಕೊಂಡು ಬಂದು ಗೇಟಿನ ಹತ್ತಿರ ನಿಂತಿತು. ಹಾರ್ನು ಹೊಡೆಯಲು ಸೂಪರ್ವೈಸರ್ ಹೇಳಿದ. ಡ್ರೈವರ್ ಹೊಡೆಯಲಿಲ್ಲ. ಸೂಪರ್ವೈಸರ್ ತಾನೇ ಇಳಿದು ಬಂದ. ಹೊತ್ತಾಗುತ್ತಿದೆ, ಏಳಿ, ದಾರಿ ಬಿಡಿ ಎಂದ. ಯಾರೂ ಏಳಲಿಲ್ಲ. ಏಳದಿದ್ದರೆ ಏಕೆ ಎಂದು ಕಾರಣ ಹೇಳಿ, ನಾನು ಮೇಲಿನವರಿಗೆ ಏನೆಂದು ತಿಳಿಸಲಿ ಎಂದ.

ಅಕ್ಕ ಅವನನ್ನು ನೋಡಿದಳು.

"ಹವಾಮಾನ ಸರಿಯಿಲ್ಲ ಅಂತ ತಿಳ್ಸಿ ಸಾರ್."

ಯಾರೂ ನಗಲಿಲ್ಲ. ಡ್ರೈವರ್ ಇಂಜಿನ್ ಆರಿಸಿದ.